ಹದಿಮೂರು ಮೈಲಿಯ ಲೆಕ್ಕ

ಬೆಳಿಗ್ಗೆ ಬೇಗ ಏಳುವುದೆಂದರೆ ನನಗೆ ಅಂದಿಗೂ ಆಗುತ್ತಿರಲಿಲ್ಲ, ಇಂದಿಗೂ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಆಮೇಲೆ ಆದದ್ದಕ್ಕೆಲ್ಲ ಸೋದರತ್ತೆಯ ಪೂಜೆಯೇ ಕಾರಣವೆಂದು ದೂರುವ ಚಾಳಿ ನನಗೆ ಬಹಳ ವರ್ಷ ಇತ್ತು. ಅತ್ತೆಯ ಲಿಂಗಪೂಜೆ ಮುಗಿಯದೆ ಆ ಮನೆಯಲ್ಲಿ ಯಾರ ತಟ್ಟೆಗೂ ರೊಟ್ಟಿ ಬೀಳುತ್ತಿರಲಿಲ್ಲ, ನಿಜ. ಆದರೆ ನಾನು ಹೊತ್ತಿಗೆ ಎದ್ದು ನೀರು ಸೇದಿಟ್ಟಿದ್ದರೆ ಪೂಜೆಯೂ ಹೊತ್ತಿಗೆ ಮುಗಿಯುತ್ತಿತ್ತು.

ಅರವತ್ತರ ದಶಕದ ಮೊದಲ ವರ್ಷಗಳು. ನನ್ನ ಊರು ಚನ್ನರಾಯಪಟ್ಟಣ. ಕೆಲಸ ಸಿಕ್ಕಿದ್ದು ಹಾಸನದ ದಾರಿಯಲ್ಲಿ ಮೊಸಳೆ ಎಂಬ ಊರಿನ ಕಡೆಯ ಒಂದು ಹಳ್ಳಿ ಶಾಲೆಯಲ್ಲಿ. ಅಲ್ಲಿ ಒಂಟಿ ಹೆಣ್ಣಿಗೆ ಮನೆ ಕೊಡುವವರು ಸಿಗದೆ ಹೊಳೆನರಸೀಪುರದಲ್ಲಿ ಅತ್ತೆಯ ಮನೆಯಲ್ಲಿದ್ದುಕೊಂಡು ದಿನಾ ಓಡಾಡುತ್ತಿದ್ದೆ. ರೈಲು ಇತ್ತು, ಆದರೆ ಅದು ಶಾಲೆಯ ಗಂಟೆಗೆ ಹೊಂದುತ್ತಿರಲಿಲ್ಲ. ಹಾಸನಕ್ಕೆ ಹೋಗುವ ನೀಲಿ ಬಸ್ಸೊಂದೇ ಗತಿ. ಎಂಟೂ ಮುಕ್ಕಾಲಿಗೆ ಹೊರಡಬೇಕು, ಒಂಬತ್ತೂ ನಲವತ್ತಕ್ಕೆ ನಮ್ಮ ಕೂಡುರಸ್ತೆ. ಅಲ್ಲಿಂದ ಕಾಲು ಗಂಟೆ ನಡೆದರೆ ಶಾಲೆ. ಹತ್ತಕ್ಕೆ ಗಂಟೆ.

ಹೊರಡಬೇಕು ಎಂದೆನಲ್ಲ, ಹೊರಡುತ್ತಿತ್ತು ಎನ್ನಲಿಲ್ಲ. ಆ ಬಸ್ಸಿನ ಡ್ರೈವರಿಗೆ ದಿನದ ಪ್ರಯಾಣಿಕರನ್ನು ಬಿಟ್ಟು ಹೋಗುವುದು ಗೊತ್ತೇ ಇರಲಿಲ್ಲ. ಯಾರ ಬೀದಿಯ ಬಾಯಿಗೆ ಎಷ್ಟು ಹಾರನ್ನು ಎಂದು ಲೆಕ್ಕವಿತ್ತು. ಬಟ್ಟೆ ಅಂಗಡಿ ಸಾಹುಕಾರರಿಗೆ ಒಂದು, ನನಗೆ ಎರಡು. ಎರಡನೆಯದಕ್ಕೂ ನಾನು ಕಾಣದಿದ್ದರೆ ಎಂಜಿನ್ ಆರಿಸಿ ಕೆಳಗಿಳಿದು ಬೀಡಿ ಹಚ್ಚುತ್ತಿದ್ದರು. ನಾನು ಸೆರಗಿನಲ್ಲಿ ಕೈಯೊರೆಸುತ್ತಾ ಓಡಿ ಬಂದರೆ, "ನಿಧಾನ್ಕೆ ಬನ್ನಿ ಟೀಚರಮ್ಮ, ಬಸ್ಸೇನು ಓಡೋಗಲ್ಲ" ಎನ್ನುತ್ತಿದ್ದರು. ವಯಸ್ಸು ನಲವತ್ತರ ಹತ್ತಿರ, ಮನೆಯಲ್ಲಿ ಹೆಂಡತಿ, ಮೂರು ಹೆಣ್ಣುಮಕ್ಕಳು. ಸಹಿ ಹಾಕುವುದು ಬಿಟ್ಟು ಬೇರೆ ಓದು ಬರಹವಿಲ್ಲ. ಜೇಬಿನಲ್ಲಿ ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟುಕೊಂಡಿದ್ದ ಲೈಸೆನ್ಸೇ ಅವರ ಹೊಲ, ಮನೆ, ಎಲ್ಲ.

ಬಸ್ಸು ನಮಗಾಗಿ ಕಾಯುವುದು ಸುಖವಾಗಿತ್ತು, ಆದರೆ ಅದರಲ್ಲಿ ಒಂದು ತೊಡಕಿತ್ತು. ಅರಕಲಗೂಡಿನಿಂದ ಬರುವ ಕೆಂಪು ಬಸ್ಸು ನಮ್ಮ ಹಿಂದೆ ಇಪ್ಪತ್ತು ನಿಮಿಷಕ್ಕೆ ಹೊಳೆನರಸೀಪುರ ಬಿಡುತ್ತಿತ್ತು. ನಮ್ಮದು ತಡವಾದಂತೆಲ್ಲ ಅದು ಬಾಲಕ್ಕೆ ಬಂದು ಅಂಟಿಕೊಳ್ಳುತ್ತಿತ್ತು. ಮುಂದೆ ಹೋದವನಿಗೆ ದಾರಿಯ ಜನ, ಹಿಂದೆ ಉಳಿದವನಿಗೆ ಧೂಳು. ಹೀಗೆ ಎರಡು ಮೂರು ಸಲ ಜಿದ್ದಿಗೆ ಬಿದ್ದು ಓಡಿಸಿದ್ದಕ್ಕೆ ಪೊಲೀಸಿನವರು ಇಬ್ಬರು ಡ್ರೈವರುಗಳನ್ನೂ ಠಾಣೆಗೆ ಕರೆಸಿದ್ದರು. ಇನ್ನೊಮ್ಮೆ ರಸ್ತೆಯಲ್ಲಿ ಪಂದ್ಯ ಕಟ್ಟಿದರೆ ಲೈಸೆನ್ಸು ಹೋಗುತ್ತದೆ ಎಂದು ಬರೆಸಿ ಸಹಿ ಹಾಕಿಸಿಕೊಂಡಿದ್ದರು. ಈ ವಿಷಯ ಬಸ್ಸಿಗೆಲ್ಲ ಗೊತ್ತಿತ್ತು. ನನಗೂ ಗೊತ್ತಿತ್ತು.

ಅದು ಹಾಸನದ ಸಂತೆಯ ದಿನ. ಜೊತೆಗೆ ನಮ್ಮ ಶಾಲೆಯ ತಪಾಸಣೆಗೆ ಇನ್ಸ್‌ಪೆಕ್ಟರ್ ಸಾಹೇಬರು ಬರುವವರಿದ್ದರು. ಬೇಗ ಹೋಗಬೇಕೆಂದು ಹಿಂದಿನ ದಿನವೇ ಮೂರು ಸಲ ಅಂದುಕೊಂಡಿದ್ದೆ. ಅಂದುಕೊಂಡೇ ಮಲಗಿದ್ದೆ. ನಾನು ಬಸ್ಸು ಹತ್ತಿ ಕೈಗಡಿಯಾರ ನೋಡಿದಾಗ ಒಂಬತ್ತೂ ಐದು. ಇಪ್ಪತ್ತು ನಿಮಿಷ ನನಗಾಗಿ ನಿಂತಿದ್ದರು. ಒಬ್ಬರೂ ಗೊಣಗಲಿಲ್ಲ. ಸಾಹುಕಾರರು ಮಾತ್ರ, "ಏನವ್ವಾ, ಇವತ್ತು ಎರಡು ರೊಟ್ಟಿ ಜಾಸ್ತಿ ಆಯ್ತಾ?" ಎಂದು ಛೇಡಿಸಿದರು. ನನಗೆ ನಗು ಬರಲಿಲ್ಲ.

ಊರು ದಾಟಿ ಒಂದು ಮೈಲಿ ಹೋಗಿರಲಿಲ್ಲ, ಹಿಂದಿನಿಂದ ಕೆಂಪು ಬಸ್ಸಿನ ಹಾರನ್ನು ಕೇಳಿಸಿತು. ಅದರ ಡ್ರೈವರು ಮಗ್ಗುಲಿಗೆ ಬಂದು ತಲೆ ಹೊರಗೆ ಹಾಕಿ, "ಯಾಕಣ್ಣೋ, ಎತ್ತು ಕಟ್ಕೊಂಡು ಎಳಸ್ತಾ ಇದೀಯಾ?" ಎಂದು ಕೂಗಿದ. ಅವನ ಬಸ್ಸಿನೊಳಗಿನ ಸಂತೆ ಜನ ಹೋ ಎಂದು ನಕ್ಕರು. ನಮ್ಮವರು ಏನೂ ಅನ್ನದೆ ಎಡಕ್ಕೆ ತೆಗೆದು ದಾರಿ ಬಿಟ್ಟರು.

"ಓಗ್ಲಿ ಬುಡಿ. ಅವನ್ಗೂ ಒಟ್ಟೆ ಅದೆ," ಎಂದರು.

ಕೆಂಪು ಬಸ್ಸು ಮುಂದೆ ಹೋಯಿತು. ಹೋದದ್ದು ದೂರ ಹೋಗಲಿಲ್ಲ. ಪ್ರತಿ ಹಳ್ಳಿಯ ಬಾಯಲ್ಲಿ ನಡುರಸ್ತೆಗೆ ನಿಂತು ಗಂಟು ಮೂಟೆ, ಕೋಳಿ ಬುಟ್ಟಿ ಹತ್ತಿಸಿಕೊಳ್ಳತೊಡಗಿತು. ನಾವು ಅದರ ಧೂಳು ಕುಡಿಯುತ್ತಾ ಹಿಂದೆ ಕೂತೆವು. ನನ್ನ ಗಡಿಯಾರದ ಮುಳ್ಳು ಮಾತ್ರ ನಿಲ್ಲಲಿಲ್ಲ. ಇನ್ಸ್‌ಪೆಕ್ಟರರ ಎದುರು ನನ್ನ ಖಾಲಿ ಕುರ್ಚಿ, ಹೆಡ್‌ಮಾಸ್ಟರರ ಕೊಂಕು ನಗು, ಎಲ್ಲ ಕಣ್ಣ ಮುಂದೆ ಬಂದವು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವಂಥದ್ದು. ಡ್ರೈವರ ಹಿಂದಿನ ಹೆಂಗಸರ ಸೀಟಿನಿಂದ ಎದ್ದು ನಿಂತುಬಿಟ್ಟೆ.

"ಅವನೇನು ರಸ್ತೆ ಕೊಂಡುಕೊಂಡಿದ್ದಾನಾ ಡ್ರೈವರಣ್ಣ? ಓಡಿಸಿ! ಅವನನ್ನ ಮುಂದೆ ಬಿಡಬೇಡಿ!"

ಕೂಗಿದವರಲ್ಲಿ ನಾನೇ ಮೊದಲು. ಅದರ ಮೇಲೆ ಇಡೀ ಬಸ್ಸು ಬಾಯಿ ಬಿಟ್ಟಿತು. ಸಾಹುಕಾರರು ಛತ್ರಿಯಿಂದ ಬಸ್ಸಿನ ನೆಲ ಕುಟ್ಟಿದರು. ಡ್ರೈವರು ಕನ್ನಡಿಯಲ್ಲಿ ನನ್ನನ್ನೊಮ್ಮೆ ನೋಡಿದರು. ಆಮೇಲೆ ಗೇರು ಬದಲಾದ ಸದ್ದು.

ಮುಂದಿನ ದಾರಿ ನನಗೆ ತುಂಡು ತುಂಡಾಗಿ ನೆನಪಿದೆ. ಬಸ್ಸಿನ ತಗಡೆಲ್ಲ ನಡುಗುತ್ತಿತ್ತು. ಕೈ ಅಡ್ಡ ಹಿಡಿದ ಜನ ನಿಂತಲ್ಲೇ ಹಿಂದೆ ಸರಿದುಹೋದರು. ಕೆಂಪು ಬಸ್ಸಿನ ಹಿಂಗಾಜು ಹತ್ತಿರ ಬಂತು, ಪಕ್ಕಕ್ಕೆ ಬಂತು. ಎರಡು ಬಸ್ಸುಗಳ ನಡುವೆ ಒಂದು ಗೇಣು ಜಾಗ ಇದ್ದೀತು. ಕಿಟಕಿಯಿಂದ ಕಿಟಕಿಗೆ ಬೈಗುಳ ಹಾರುತ್ತಿದ್ದವು. ಹೆದರಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ಅದಕ್ಕಿಂತ ಹೆಚ್ಚು ಖುಷಿಯಾಗಿತ್ತು. ನಾನು ಸರಳು ಹಿಡಿದು ನಿಂತೇ ಇದ್ದೆ. ನಮ್ಮ ಮೂತಿ ಅವರದಕ್ಕಿಂತ ಮುಂದಾದಾಗ ಚಪ್ಪಾಳೆ ತಟ್ಟಿದೆ.

ತಿರುವಿನಲ್ಲಿ ಎದುರಿಗೆ ಎತ್ತಿನ ಗಾಡಿ ಬಂತು.

ಕೆಂಪು ಬಸ್ಸು ಬ್ರೇಕು ಹಾಕಿ ಹಿಂದುಳಿಯಿತು. ನಮ್ಮವರು ಎಡಕ್ಕೆ ಎಳೆದರು. ಗಾಡಿಗೆ ಬಸ್ಸು ತಾಗಲಿಲ್ಲ, ಅಥವಾ ಉಗುರಿನಷ್ಟು ತಾಗಿರಬೇಕು. ಬೆದರಿದ ಎತ್ತುಗಳು ಗಾಡಿಯನ್ನು ಹಳ್ಳಕ್ಕೆ ಎಳೆದುಕೊಂಡು ಹೋದವು. ನಮ್ಮ ಬಸ್ಸು ನಿಂತಿತು. ಡ್ರೈವರು ಹಾರಿ ಇಳಿದು ಓಡಿದರು. ಗಾಡಿ ಹೊಡೆಯುತ್ತಿದ್ದ ಮುದುಕನ ಕಾಲು ಚಕ್ರದಡಿ ಸಿಕ್ಕಿತ್ತು. ನಾಲ್ಕೈದು ಜನ ಸೇರಿ ಗಾಡಿ ಎತ್ತಿ, ಆತನನ್ನು ಹೊತ್ತು ತಂದು, ನಾನು ಕೂತಿದ್ದ ಸೀಟಿನ ಮೇಲೆ ಮಲಗಿಸಿದರು. "ಎತ್ತು ಎಲ್ಲವೋ, ಎತ್ತು ಎಲ್ಲವೋ" ಎಂದೇ ಆತ ಕೇಳುತ್ತಿದ್ದ. ಕೆಂಪು ಬಸ್ಸು ನಮ್ಮನ್ನು ದಾಟಿಕೊಂಡು ಹೋಗಿಯೇ ಹೋಯಿತು. ಒಟ್ಟು ಹತ್ತು ನಿಮಿಷ ಅಲ್ಲಿ ನಿಂತಿದ್ದೆವು. ಆ ಹತ್ತು ನಿಮಿಷವನ್ನೂ ನಾನು ಗಡಿಯಾರದಲ್ಲಿ ನೋಡಿಕೊಂಡಿದ್ದೆ.

ನನ್ನ ಕೂಡುರಸ್ತೆ ಬಂದಾಗ ಇಳಿದೆ. ಆಸ್ಪತ್ರೆಗೆ ಹೋಗುವ ಬಸ್ಸನ್ನು ಅಲ್ಲಿ ನಿಲ್ಲಿಸಿದ್ದೂ ನನಗಾಗಿಯೇ. ಒಂಬತ್ತೂ ನಲವತ್ತು. ಗಂಟೆ ಹೊಡೆಯುವ ಮೊದಲು ಶಾಲೆಯಲ್ಲಿದ್ದೆ. ಇನ್ಸ್‌ಪೆಕ್ಟರು ಬಂದದ್ದು ಮಧ್ಯಾಹ್ನ ಊಟವಾದ ಮೇಲೆ.

ಮುದುಕನ ಕಾಲು ಉಳಿಯಿತು, ಕುಂಟಾಯಿತು. ಪೊಲೀಸರು ಕೇಸು ಹಾಕಿದರು. ಕೆಂಪು ಬಸ್ಸಿನವನು ತಪ್ಪೊಪ್ಪಿಕೊಂಡು ದಂಡ ಕಟ್ಟಿ, ಮೂರು ತಿಂಗಳು ಲೈಸೆನ್ಸು ಕಳೆದುಕೊಂಡ. ಗಾಡಿಯ ಪಕ್ಕ ಇದ್ದದ್ದು ನಮ್ಮ ಬಸ್ಸು, ನಮ್ಮವರಿಗೆ ಅಷ್ಟರಲ್ಲಿ ಮುಗಿಯುವಂತಿರಲಿಲ್ಲ. ಪಂದ್ಯ ನಡೆದೇ ಇಲ್ಲ ಎಂದು ವಾದಿಸಬೇಕು ಎಂದರು ಅವರ ಕಡೆಯ ವಕೀಲರು. ನೀಲಿ ಬಸ್ಸಿನ ನಾವೆಲ್ಲ ಒಂದಾದೆವು. ಸಾಕ್ಷಿಗೆ ಯಾರು ಎಂದಾಗ ಎಲ್ಲರ ಕಣ್ಣು ನನ್ನ ಮೇಲೆ. ಸರ್ಕಾರಿ ಕೆಲಸದವಳು, ನನ್ನ ಮಾತಿಗೆ ತೂಕವಿದೆಯಂತೆ.

"ಹೆಚ್ಚು ಬೇಡ ತಾಯಿ. ನೀವು ಕಂಡಂತೆ ಒಳ್ಳೆಯ ಮನುಷ್ಯ ಅಂತ ಹೇಳಿ, ಸಾಕು," ಎಂದರು ವಕೀಲರು.

ಹೆಚ್ಚು ಬೇಡ ಎಂದರೆ ಕೇಳುವ ಪೈಕಿ ನಾನಲ್ಲ. ಒಂದು ವಾರ ಮನಸ್ಸಿನಲ್ಲೇ ಪಾಠ ಮಾಡಿಕೊಂಡೆ. ಹಾಸನದ ಕೋರ್ಟಿಗೆ ಅತ್ತೆಯೂ ಜೊತೆಗೆ ಬಂದಳು. ಹೆಸರು ಕೂಗಿದಾಗ ಸಾಕ್ಷಿಯ ಕಟಕಟೆ ಹತ್ತಿದೆ. ಡ್ರೈವರು ಒಗೆದ ಅಂಗಿ ತೊಟ್ಟು, ಕೈಕಟ್ಟಿ, ನೆಲ ನೋಡುತ್ತಾ ನಿಂತಿದ್ದರು. ನಮ್ಮ ವಕೀಲರು ಕೇಳಿದ ಕೂಡಲೇ ಶುರು ಮಾಡಿದೆ. ಇವರಂಥ ಡ್ರೈವರು ಜಿಲ್ಲೆಯಲ್ಲಿಲ್ಲ, ಒಂಟಿ ಹೆಂಗಸನ್ನು ಬಿಟ್ಟು ಹೋದವರಲ್ಲ, ಅಂದು ಕೂಡ ನನಗಾಗಿ ಇಪ್ಪತ್ತು ನಿಮಿಷ ಕಾದರು, ಒಂಬತ್ತೂ ಐದರವರೆಗೆ. ಅಷ್ಟಾದರೂ ಇವರ ಬಸ್ಸಿನಿಂದ ನಾನು ಶಾಲೆಗೆ ಒಂದು ದಿನವೂ ತಡವಾಗಿ ಹೋಗಿಲ್ಲ. ಅಂದೂ ಎಂದಿನಂತೆ ಒಂಬತ್ತೂ ನಲವತ್ತಕ್ಕೆ ಇಳಿದೆ.

ನಮ್ಮ ವಕೀಲರು ಮೆಲ್ಲಗೆ ಕೂತುಕೊಂಡರು. ಸರ್ಕಾರಿ ವಕೀಲರು ಎದ್ದರು. ಬಹಳ ಮರ್ಯಾದೆಯ ಮನುಷ್ಯ.

"ಶಾಲೆಯಲ್ಲಿ ಯಾವ ಪಾಠ ಮಾಡುತ್ತೀರಮ್ಮ?"

"ಲೆಕ್ಕ."

"ಗಾಡಿಯ ಹತ್ತಿರ ಎಷ್ಟು ಹೊತ್ತು ನಿಂತಿರಿ?"

"ಹತ್ತು ನಿಮಿಷ."

"ಹೊಳೆನರಸೀಪುರದಿಂದ ನಿಮ್ಮ ಕೂಡುರಸ್ತೆಗೆ?"

"ಹದಿಮೂರು ಮೈಲಿ."

"ಸರ್ಕಾರ ಕೊಟ್ಟ ಹೊತ್ತು ಐವತ್ತೈದು ನಿಮಿಷ. ಅಂದು ಬಸ್ಸು ಓಡಿದ್ದು ಎಷ್ಟು ನಿಮಿಷ?"

"ಇಪ್ಪತ್ತೈದು," ಎಂದೆ. ಐದನೇ ಕ್ಲಾಸಿನ ಮಕ್ಕಳಿಗೆ ದಿನಾ ಕೊಡುವ ಲೆಕ್ಕ. ಅವರು ಕೇಳುವ ಮೊದಲೇ ಮುಂದಿನದೂ ಬಾಯಿಗೆ ಬಂದುಬಿಟ್ಟಿತು. "ಗಂಟೆಗೆ ಮೂವತ್ತೊಂದು ಮೈಲಿ ಚಿಲ್ಲರೆ."

ಹೇಳಿ ಮುಗಿಸಿದ ಮೇಲೆ ಅರ್ಥವಾಯಿತು. ಐವತ್ತೈದು ನಿಮಿಷದ ದಾರಿಯನ್ನು ಇಪ್ಪತ್ತೈದರಲ್ಲಿ ಓಡಿಸಿದ್ದರೆಂದು ನಾನೇ ಲೆಕ್ಕ ಕೊಟ್ಟಿದ್ದೆ. ಕೋರ್ಟಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಡ್ರೈವರು ಮಾತ್ರ ತಲೆಯೆತ್ತಲಿಲ್ಲ. ಆಗ ಮ್ಯಾಜಿಸ್ಟ್ರೇಟರೇ ನನ್ನ ಕಡೆ ತಿರುಗಿದರು.

"ಜೋರಾಗಿ ಓಡಿಸೆಂದು ಬಸ್ಸಿನಲ್ಲಿ ಯಾರಾದರೂ ಹೇಳಿದರೇ?"

ಹೌದು ಎನ್ನಲು ಒಂದು ಉಸಿರು ಸಾಕಾಗಿತ್ತು. ಶಾಲೆ, ಸಂಬಳ, ಅತ್ತೆ, ಚನ್ನರಾಯಪಟ್ಟಣದ ಅಪ್ಪ, ಎಲ್ಲ ಒಟ್ಟಿಗೆ ತಲೆಯಲ್ಲಿ ಸುತ್ತಿತು.

"ಗಲಾಟೆಯಲ್ಲಿ ಸರಿಯಾಗಿ ಕೇಳಿಸಲಿಲ್ಲ ಸ್ವಾಮಿ," ಎಂದೆ.

ದಂಡ, ಮತ್ತು ಒಂದು ವರ್ಷ ಲೈಸೆನ್ಸು ರದ್ದು. ಮೊದಲೇ ಎಚ್ಚರಿಸಿದ್ದರೂ, ಯಾರ ಒತ್ತಾಯವೂ ಇಲ್ಲದೆ, ತನ್ನ ಹಟಕ್ಕೆ ಓಡಿಸಿದ್ದಾನೆ ಎಂದು ತೀರ್ಪಿನಲ್ಲಿ ಓದಿದರು. ಡ್ರೈವರು ಎಣ್ಣೆಬಟ್ಟೆ ಬಿಚ್ಚಿ ಲೈಸೆನ್ಸನ್ನು ಮೇಜಿನ ಮೇಲಿಟ್ಟರು. ಹೊರಗೆ ಬಂದು ಅತ್ತೆ, "ಯಾರು ನಿನಗೆ ಗಡಿಯಾರ ಕೊಡಿಸಿದ್ದು?" ಎಂದಷ್ಟೇ ಕೇಳಿದಳು.

ತಿಂಗಳ ಮೇಲೆ ಒಂದು ಭಾನುವಾರ ಡ್ರೈವರು ನಮ್ಮ ಮನೆ ಬಾಗಿಲಿಗೆ ಬಂದರು. ಅರಕಲಗೂಡಿನಲ್ಲಿ ಹೊಗೆಸೊಪ್ಪಿನ ಮೂಟೆ ಹೊರುವ ಕೆಲಸಕ್ಕೆ ಸೇರಿದ್ದರಂತೆ. ಹೆಗಲಿನ ಮೇಲೆ ಅಂಗಿ ಹರಿದಿತ್ತು. ಶಿಕ್ಷೆ ಕಡಿಮೆ ಮಾಡಿ ಎಂದು ಮೇಲಿನವರಿಗೆ ಅರ್ಜಿ ಹಾಕಬಹುದೆಂದು ಯಾರೋ ಹೇಳಿದ್ದರು.

"ನಿಮ್ಮಂಗೆ ಬರಿಯೋರು ನಂಗೆ ಇನ್ಯಾರವ್ರೆ ಟೀಚರಮ್ಮ," ಎಂದು ಜಗಲಿಯ ತುದಿಯಲ್ಲಿ ಕೂತರು. ಆ ಮಾತಿನಲ್ಲಿ ಚುಚ್ಚು ಇದೆಯೇ ಎಂದು ಮುಖ ನೋಡಿದೆ. ಇರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು.

ಎರಡು ಪುಟ ಬರೆದೆ. ಕೊನೆಯಲ್ಲಿ ಇನ್ನೊಂದು ಸಾಲು ಸೇರಿಸಿದೆ: ಅಂದು ಬಸ್ಸನ್ನು ಓಡಿಸಿರೆಂದು ಮೊದಲು ಕೂಗಿ ಒತ್ತಾಯಿಸಿದವಳು ಈ ಅರ್ಜಿಯನ್ನು ಬರೆದ ನಾನೇ, ಕೋರ್ಟಿನಲ್ಲಿ ಇದನ್ನು ಮುಚ್ಚಿಟ್ಟೆ. ಬರೆದು ಗಟ್ಟಿಯಾಗಿ ಓದಿದೆ. ಒಳಗೆ ಅತ್ತೆಯ ಒನಕೆಯ ಸದ್ದು ನಿಂತಿತು.

ಡ್ರೈವರು ಹಾಳೆಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು.

"ಆ ಸಾಲು ತೆಗೀರಿ."

"ಅದು ನಿಜವಲ್ಲವಾ ಅಣ್ಣ?"

"ನಿಜಾನೇಯ. ಆದ್ರೆ ಕೋರ್ಟಲ್ಲಿ ಒಂದೇಳಿ ಇಲ್ಲೊಂದೇಳುದ್ರೆ ನಿಮ್ಮನ್ನ ಬುಟ್ಟಾರಾ? ಕೆಲ್ಸ ಓಯ್ತದೆ. ನೀವು ಕೂಗುದ್ರಿ, ಕಾಲು ಒತ್ತಿದ್ದು ನಾನು. ತೆಗೀರಿ ಟೀಚರಮ್ಮ."

"ಈ ಸಾಲಿದ್ದರೆ ನಿಮಗೆ ಅನುಕೂಲವಾಗಬಹುದು."

"ಆಗ್ಬೌದು," ಎಂದರು. "ತೆಗೀರಿ."

ಇರಲಿ ಬಿಡಿ, ಬರೆದದ್ದು ಬರೆದಾಯಿತು ಎಂದು ನಾನು ಇನ್ನೊಮ್ಮೆ ಹೇಳಬಹುದಿತ್ತು. ಅವರಿಗೆ ಓದಲು ಬರುತ್ತಿರಲಿಲ್ಲ, ತೆಗೆದೆ ಎಂದು ಹೇಳಿ ಹಾಗೇ ಕಳಿಸಲೂಬಹುದಿತ್ತು. ನಾನು ಒಳಗೆ ಹೋಗಿ ಹೊಸ ಹಾಳೆ ತಂದೆ. ಆ ಸಾಲಿಲ್ಲದೆ ಮೊದಲಿನಿಂದ ನಕಲು ಮಾಡಿದೆ. ಅಕ್ಷರ ಎಲ್ಲೂ ಅಲುಗಾಡಲಿಲ್ಲ. ನನಗಾದದ್ದು ನಿರಾಳ. ನಾಚಿಕೆ ಆಮೇಲೆ ಬಂತು, ಬಂದದ್ದು ಹೋಗಿಲ್ಲ.

ಅವರು ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದರು. ಹಾಳೆಯನ್ನು ಮಡಿಸಿ, ಲೈಸೆನ್ಸು ಇರುತ್ತಿದ್ದ ಜೇಬಿನಲ್ಲಿಟ್ಟುಕೊಂಡು, ನನಗೆ ಕೈಮುಗಿದು ಹೋದರು. ಅರ್ಜಿ ವಜಾ ಆಯಿತು. ಶಿಕ್ಷೆ ಕಡಿಮೆ ಮಾಡಲು ಹೊಸ ಕಾರಣ ಯಾವುದೂ ಅದರಲ್ಲಿ ಇಲ್ಲ ಎಂದು ಮೇಲಿನವರು ಬರೆದಿದ್ದರು. ಆ ಕಾಗದವನ್ನು ಅವರಿಗೆ ಓದಿ ಹೇಳಿದವಳೂ ನಾನೇ.