ಪಾಸ್‌ವರ್ಡ್ ಕೇಳಿದ ಅಮ್ಮನ ಪಟ

ತಲ್ಲೂರಿನ ಹೆದ್ದಾರಿ ಬದಿಯಲ್ಲಿ ಶ್ರೀಲತಾ ಇಟ್ಟಿದ್ದ ಕಂಪ್ಯೂಟರ್ ಅಂಗಡಿಯನ್ನು ಈಗ ಯಾರು ನೆನೆಯುತ್ತಾರೆ? ಡಬ್ಬದಂಥ ಕಂಪ್ಯೂಟರುಗಳು, ಕರೆಂಟು ಹೋದರೆ ಕೀಂ ಕೀಂ ಎಂದು ಅಳುವ ಯುಪಿಎಸ್. ಒಂದು ಪಟ ತೆರೆದುಕೊಳ್ಳುವಷ್ಟರಲ್ಲಿ ಊರ ಸುದ್ದಿಯೆಲ್ಲ ಮುಗಿಯುತ್ತಿತ್ತು. ಆದರೂ ಎಂಥ ಚಂದದ ದಿನಗಳವು!

2009ರಲ್ಲಿ ಅವಳು ಮೀನುಗಾರರ ಮನೆಗಳ ಹಳೆಯ ಪಟಗಳನ್ನು ಕೂಡಿಸಿ, ತನ್ನ ಅಬ್ಬಿಯ, ಎಂದರೆ ಅಮ್ಮನ, ಪಟವನ್ನೂ ಸೇರಿಸಿ ಒಂದು ವೆಬ್‌ಸೈಟ್ ಮಾಡಿದಳು. ಊರಿನ ಮೇಲೆಷ್ಟು ಪ್ರೀತಿ ಎಂದು ಜನ ಹೊಗಳಿದರು. ಪ್ರೀತಿ ಇತ್ತು, ಸುಳ್ಳಲ್ಲ. ಆದರೆ 1997ರಲ್ಲಿ ಅಪ್ಪನ ಹತ್ತಿರ ಜಗಳವಾಡಿ ಮುಂಬೈಗೆ ಹೋಗಿ ಕಣ್ಮರೆಯಾದ ಅಣ್ಣ ಸುಜನ್ ಎಲ್ಲಾದರೂ ಕೂತು ಇದನ್ನು ನೋಡಿಯಾನು ಎಂಬ ಆಸೆಯೇ ಅವಳಿಗೆ ದೊಡ್ಡದು.

ಒಂದು ದಿನ ಮುಂಬೈಯಿಂದ ಸೋದರಮಾವ ಲೀಲಾಧರನ ಫೋನ್ ಬಂತು.

"ಹೆಣೆ, ನಿನ್ ಅಣ್ಣ ಸಿಕ್ದ! ಅಪ್ಪ ಸತ್ತಾಗ್ಳೂ ಬಾರ್ದವ, ಇನ್ ಯಾವ ಮೋರೆ ಹೊತ್ಕಂಡ್ ಮನಿಗೆ ಹೋಪ್ದ್ ಅಂದ. ಅಬ್ಬಿ ಮೋರೆ ಒಂದ್ಸಲ ಕಾಣ್ಕ್ ಅಂದ. ಸೈಬರಿಗೆ ಕರ್ಕಂಡ್ ಹೋಯಿ ನೀ ಕಳ್ಸಿದ್ ಅಬ್ಬಿ ಪಟದ್ ಲಿಂಕ್ ಒತ್ತಿರೆ, ಪಾಸ್‌ವರ್ಡ್ ಕೇಂತ್ ಮಾರಾಯ್ತಿ! 'ಕಂಡ್ಯಾ ಮಾವ, ನಮ್ ಮನಿಯವ್ರೇ ನಾನ್ ಯಾರ್ ಅಂತ ಕೇಂತ್ರ್' ಅಂದವ ಎದ್ದೇ ಬಿಟ್ಟ."

"ನಂಬರ್ ಕೊಟ್ನಾ ಮಾವ?"

"ಇಲ್ಲೆ. ಲಿಂಕ್ ಬರ್ಕಂಡ್ ಹೋಯ್ದ. ಆಯ್ತಾರ ಇನ್ನೊಂದ್ಸಲ ಕಾಂತೆ, ಆಮೇಲೆ ಬೋಟಿಗೆ ಹೋತೆ ಅಂದ."

ಪಟ ನೋಡುವವರಿಗೆ ಪಾಸ್‌ವರ್ಡ್ ಬೇಕೆಂದು ಶ್ರೀಲತಾ ಇಟ್ಟೇ ಇರಲಿಲ್ಲ! ಲಾಗಿನ್ ಆಗಿ ನೋಡಿದಳು, ಪಟ ಕಂಡಿತು. ಲಾಗ್‌ಔಟ್ ಆಗಿ ಹೊರಗಿನವಳಂತೆ ನೋಡಿದಳು, ಆಗಲೂ ಕಂಡಿತು. ಗೆಳತಿ ಅಮಿತಾಗೆ ಬೆಳಿಗ್ಗೆ ಕಂಡದ್ದು ಸಂಜೆಗೆ ಪಾಸ್‌ವರ್ಡ್ ಕೇಳಿತಂತೆ. ಈ ಹಾಳು ಸೈಟಿಗೆ ಬೆಂಕಿ ಬೀಳಲಿ ಎಂದು ಶಪಿಸುತ್ತ ಹುಡುಕಿದಳು. ಶನಿವಾರ ಬಂದರೂ ತಪ್ಪು ಸಿಗಲಿಲ್ಲ. ನಾಳೆಯೂ ಅಣ್ಣನನ್ನು ಬಾಗಿಲಲ್ಲೇ ತಡೆದರೆ ಅವನು ಮತ್ತೆ ಈ ಕಡೆ ತಲೆ ಹಾಕಿಯೂ ಮಲಗಲಾರ.

"ಹೋಯಿ ಬತ್ತೆ," ಎಂದು ಅಮ್ಮ ವನಜ ಮೀನಿನ ಬುಟ್ಟಿ ಹೊತ್ತು ಹೊರಟಳು. ಶ್ರೀಲತಾ ಆ ಬುಟ್ಟಿಯನ್ನೇ ನೋಡಿದಳು. ಸಣ್ಣವಳಿದ್ದಾಗ ಅಮ್ಮನ ಸೆರಗು ಹಿಡಿದು ಎಷ್ಟು ಮನೆಗಳಿಗೆ ಹೋಗಿದ್ದಳು! ಬಂಗುಡೆಯ ವಾಸನೆ, ಬೆಕ್ಕುಗಳ ಗಲಾಟೆ, ಯಾರೋ ಕೈಗಿಡುತ್ತಿದ್ದ ಬೆಲ್ಲದ ತುಂಡು. ಆದರೆ ಒಂದು ಮನೆಯ ಮುಂಬಾಗಿಲ ಚಾವಡಿಯನ್ನೂ ಕಂಡವಳಲ್ಲ. ಮೀನಿನ ಬುಟ್ಟಿ ಹೋಗುವುದೇ ನೇರ ಹಿತ್ತಲ ಬಾಗಿಲಿಗೆ.

"ಥೂ, ನನ್ನ ಬುದ್ಧಿಗಿಷ್ಟು!" ಎಂದು ಹಣೆ ಚಚ್ಚಿಕೊಂಡಳು.

ಎಲ್ಲರೂ ಸೈಟಿನ ಮುಖಪುಟದಿಂದಲೇ ಬರುತ್ತಾರೆಂದು ನಂಬಿ ಅವಳು ಅಲ್ಲಿ ಮಾತ್ರ ಲಾಗಿನ್ ಆಗದವರಿಗೆ ಅತಿಥಿಯ ಗುರುತು ಕೊಡುತ್ತಿದ್ದಳು. ಗುರುತಿಲ್ಲದೆ ನೇರ ಒಳಪುಟಕ್ಕೆ ಬಂದವರನ್ನು ಸೈಟು ಲಾಗಿನ್ನಿಗೆ ಅಟ್ಟುತ್ತಿತ್ತು. ಗುರುತು ಕೆಲವು ಗಂಟೆಗಳಲ್ಲಿ ಅಳಿಯುತ್ತಿದ್ದುದರಿಂದಲೇ ಅಮಿತಾಗೆ ಬೆಳಿಗ್ಗೆ ಒಂದು, ಸಂಜೆಗೆ ಒಂದು. ತಾನೋ, ಪ್ರತಿ ಸಲ ಮುಂಬಾಗಿಲಿನಿಂದಲೇ ಬಂದು ಪರೀಕ್ಷಿಸುತ್ತಿದ್ದಳು. ಮೀನು ಮಾರುವವಳ ಮಗಳಾಗಿ ಇದು ಹೊಳೆಯಲಿಲ್ಲವಲ್ಲ!

ಯಾವ ಪುಟಕ್ಕೆ ಬಂದರೂ ಅಲ್ಲೇ ಗುರುತು ಕೊಟ್ಟು ಒಳಗೆ ಬಿಡುವಂತೆ ಬದಲಿಸಿದಳು. ಕಂಪ್ಯೂಟರಿನಲ್ಲಿದ್ದ ಹಳೆಯ ಗುರುತುಗಳನ್ನೆಲ್ಲ ಅಳಿಸಿ, ಅಣ್ಣ ಬರೆದುಕೊಂಡು ಹೋದ ಲಿಂಕನ್ನೇ ಒತ್ತಿದಳು. ಅಮ್ಮನ ಮುಖ ಮೆಲ್ಲಗೆ ಮೇಲಿನಿಂದ ಕೆಳಗೆ ತೆರೆದುಕೊಂಡಿತು.

ಭಾನುವಾರ ಅಂಗಡಿ ಬಿಟ್ಟು ಅಲುಗಲಿಲ್ಲ. ಮಧ್ಯಾಹ್ನ ಕಳೆದ ಮೇಲೆ ಪಟದ ಕೆಳಗೆ ಒಂದು ಸಾಲು ಬಂತು. ಬರೆದವರ ಹೆಸರಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಕುಂದಾಪುರದ ಮಾತು: "ಅಬ್ಬಿ, ನಾನ್ ಬರ್ಲಾ?"

ಅವಳು ಓಡಿಹೋಗಿ ಅಮ್ಮನನ್ನು ಕರೆತಂದು ಓದಿ ಹೇಳಿದಳು. ವನಜಳಿಗೆ ಸಿಟ್ಟು ಉಕ್ಕಿ ಬಂತು, ಅದರ ಹಿಂದೆಯೇ ಅಳು.

"ಕೇಂಬ್ದ್ ಎಂತಕ್ಕೆ ಅವ? ಅವ್ನ್ ಮನಿ ಅಲ್ದಾ ಇದ್? ಬಾ ಅಂದೇಳಿ ಬರಿ ಹೆಣೆ, ಬೇಗ ಬರಿ!"