ಆದರ್ಶ ತಾಯಿಯ ಫಾರಂನಲ್ಲಿ ಒಂದೇ ಗೆರೆ

ಹೋದ ವಾರ ನನ್ನನ್ನು ದೇವರು ಮಾಡಲು ಮೂರು ಜನ ಹೆಂಗಸರು ಮನೆಗೆ ಬಂದಿದ್ದರು.

ನಮ್ಮ ಬಡಾವಣೆಯ ಮಹಿಳಾ ಸಂಘದವರು. ತಾಯಂದಿರ ದಿನಕ್ಕೆ ಒಬ್ಬ "ಆದರ್ಶ ತಾಯಿ"ಯನ್ನು ಆರಿಸಿ ಸನ್ಮಾನ ಮಾಡುತ್ತಾರಂತೆ. ಶಾಲು, ಹಣ್ಣಿನ ಬುಟ್ಟಿ, ಸ್ಟೇಜಿನ ಮೇಲೆ ಕುರ್ಚಿ. ಈ ಸಲ ನನ್ನ ಹೆಸರು ಬಂದಿದೆ. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ದುಡಿದು ಮೂರು ಮಕ್ಕಳನ್ನು ದಡ ಸೇರಿಸಿದ ಮಹಾತಾಯಿ ಅಂತ ಯಾರೋ ಹೇಳಿದ್ದಾರೆ. (ಯಾರು ಅಂತ ಗೊತ್ತಾದರೆ ಅವರಿಗೂ ನಾಲ್ಕು ಮಾತಿವೆ.)

ಮೂವರಲ್ಲಿ ಸೆಕ್ರೆಟರಿ ಎನ್ನುವಾಕೆ ಪೆನ್ನು ತೆಗೆದಳು.

"ಅಜ್ಜಿ, ನೀವು ಮಾಡಿದ ತ್ಯಾಗ ಹೇಳ್ರಿ. ನಾಕು ಸಾಲು ಬರೀಬೇಕು."

"ಎಂಥಾ ತ್ಯಾಗ?"

"ಅದೇರಿ, ಮಕ್ಕಳಿಗೆ ಉಣ್ಣಾಕಿಟ್ಟು ನೀವು ಉಪವಾಸ ಮಲಗಿದ್ದು. ಅಂಥವು."

"ಉಪವಾಸ ಮಲಗಿದ್ರೆ ಮರುದಿನ ಭಟ್ಟಿ ಮುಂದೆ ಯಾರು ನಿಲ್ಲಬೇಕಿತ್ತವ್ವ? ಮೊದ್ಲು ನಾನು ಉಣ್ತಿದ್ದೆ. ಆಮೇಲೆ ಹುಡುಗ್ರು."

ಪೆನ್ನು ನಿಂತಿತು. ಆಕೆ ಬಿಡುವವಳಲ್ಲ.

"ಹೋಗ್ಲಿ ಬಿಡ್ರಿ. ಮೊದಲನೇ ಕೂಸಿನ ಮಾರಿ ನೋಡಿದಾಗ ಏನನ್ನಿಸ್ತು? ಹೆತ್ತ ನೋವೆಲ್ಲ ಮರ್ತೇ ಹೋತು, ಹೌದಲ್ರಿ?"

"ನಿದ್ದಿ ಬಂದಿತ್ತು."

ಮೂವರಲ್ಲಿ ಚಿಕ್ಕವಳು ಸೆರಗಿನಲ್ಲಿ ನಕ್ಕಳು. ಸೆಕ್ರೆಟರಿ ನಗಲಿಲ್ಲ. ನಾನೇ ಅವರ ಕಷ್ಟ ನೋಡಲಾರದೆ ಹೇಳಿದೆ: "ನನ್ನ ದೊಡ್ಡ ಮಗಳು ಸರೋಜನ್ನ ಬೆಳೆಸಿದ್ದು ನಾನಲ್ಲ. ನನ್ನ ನೆಗೆಣ್ಣಿ ಕರಿಬಸಮ್ಮ. ಹರಿಹರದಾಗ ಅದಾಳೆ. ಸನ್ಮಾನ ಮಾಡೋದಾದ್ರೆ ಆಕಿಗೆ ಮಾಡ್ರಿ."

"ಆಕಿಗೆ ಮಕ್ಕಳೆಷ್ಟ್ರಿ?"

"ಇಲ್ಲ."

"ಮತ್ತೆ ಹೆಂಗಾಗತೈತ್ರಿ ಅಜ್ಜಿ? ಇದು ಆದರ್ಶ ತಾಯಿ. ಫಾರಂನಾಗ ಮಕ್ಕಳ ಸಂಖ್ಯೆ ಅಂತ ಕಾಲಂ ಐತೆ."

ವಿಚಾರ ಮಾಡಿ ತುಂಬಿಡಿ ಎಂದು ಫಾರಂ ಬಿಟ್ಟು ಹೋದರು. ಒಳ್ಳೆಯ ಹೆಂಗಸರೇ. ಬೈಗುಳ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಬೈಯುವ ಹಕ್ಕು ನನಗಿರಲಿಲ್ಲ. ಯಾಕೆ ಅಂತ ಹೇಳುತ್ತೇನೆ.

ಸರೋಜ ಹುಟ್ಟಿದಾಗ ನಾವಿದ್ದದ್ದು ಭಟ್ಟಿಗಳ ಸಾಲಿನ ಹಿಂದೆ, ಒಂದೇ ಕೋಣೆಯ ಮನೆ. ಕಾದ ಮರಳಿನಲ್ಲಿ ಅಕ್ಕಿ ಅರಳಿ ಮಂಡಕ್ಕಿಯಾಗುವುದನ್ನು ನೋಡುವುದು ಚೆಂದ. ಅದರ ಹೊಗೆ ಕುಡಿಯುವುದು ಚೆಂದವಲ್ಲ. ಎಂಟು ತಿಂಗಳ ಕೂಸಿನ ಎದೆ ಗೊರಗೊರ ಅನ್ನತೊಡಗಿತು. ಹೊಗೆಯಿಂದ ದೂರ ಇಡಿ ಎಂದರು ಡಾಕ್ಟರು. ದೂರ ಎಂದರೆ ಎಲ್ಲಿ? ಕೆಲಸ ಬಿಟ್ಟರೆ ಒಲೆ ಹತ್ತುವುದಿಲ್ಲ. ನಿಜ ಹೇಳಲೇ? ಒಲೆ ಹತ್ತಿದ್ದರೂ ನಾನು ಕೆಲಸ ಬಿಡುತ್ತಿರಲಿಲ್ಲ. ನನಗೆ ಭಟ್ಟಿ ಇಷ್ಟ. ಅಲ್ಲಿ ಹತ್ತು ಜನ ಹೆಂಗಸರು, ಜರಡಿ ಹಿಡಿದು ಮಾತಾಡುತ್ತಾ ನಗುತ್ತಾ ದಿನ ಹೋಗುತ್ತಿತ್ತು. ಮನೆಯಲ್ಲಿ ಅಳುವ ಕೂಸು ಮತ್ತು ನಾನು. ಇಬ್ಬರೂ ಅಳುವುದೇ.

ಹರಿಹರದಿಂದ ಕರಿಬಸಮ್ಮ ಬಂದಳು. ನನ್ನ ಗಂಡನ ಅಣ್ಣನ ಹೆಂಡತಿ. ಬಾವ ಅಲ್ಲಿ ಕಾರ್ಖಾನೆಯ ಕೆಲಸಕ್ಕಿದ್ದರು. ಮದುವೆಯಾಗಿ ಎಂಟು ವರ್ಷ, ಮಕ್ಕಳಿಲ್ಲ. ಕೂಸನ್ನು ಎತ್ತಿ ಮೂಸಿ ನೋಡಿ, "ಇದು ಕೂಸಿನ ವಾಸನಿ ಅಲ್ಲ, ಮಂಡಕ್ಕಿ ವಾಸನಿ" ಅಂದಳು. ಅರಿವೆ ಗಂಟು ಕಟ್ಟಿದಳು. ಕೂಸನ್ನು ಎತ್ತಿಕೊಂಡು ಬಸ್ ಹತ್ತಿದಳು.

ನಾನು ಅತ್ತೆನೇ? ಇಲ್ಲ. ಮನೆಗೆ ಬಂದು ಚಾಪೆ ಹಾಸಿ ಮಲಗಿದೆ. ಎಂಟು ತಿಂಗಳಲ್ಲಿ ಮೊದಲ ಸಲ ಪೂರ್ತಿ ನಿದ್ದೆ. ಎದ್ದಾಗ ಮೈ ಹಗುರ. ಆ ನಿದ್ದೆಯ ಋಣ ನಾನು ಇವತ್ತಿಗೂ ಮರೆತಿಲ್ಲ. ಓಣಿಯವರು "ಎಂಥಾ ತಾಯಿ ಇವಳು" ಎಂದರು. ಎಂಥಾ ತಾಯಿ? ನಿದ್ದೆ ಮಾಡಿ ಎದ್ದ ತಾಯಿ.

ಸರೋಜ ಹದಿನಾಲ್ಕು ವರ್ಷ ಹರಿಹರದಲ್ಲೇ ಬೆಳೆದಳು. ಹೊಳೆಯಲ್ಲಿ ಈಜು ಕಲಿತದ್ದು, ಮಗ್ಗಿ ಕಲಿತದ್ದು, ರೊಟ್ಟಿ ತಟ್ಟಿದ್ದು, ದೊಡ್ಡವಳಾಗಿದ್ದು ಎಲ್ಲ ದೊಡ್ಡವ್ವನ ಮನೆಯಲ್ಲಿ. ನಾನು ರಜೆ ಸಿಕ್ಕಾಗ ಮಂಡಕ್ಕಿ ಚೀಲ ಹಿಡಿದು ಹೋಗಿ ಬರುವ ನೆಂಟಳು.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಸರೋಜನ ಮಗಳು ಚೈತ್ರ ಈಗ ಏಳು ತಿಂಗಳ ಬಸುರಿ. ಈ ಶುಕ್ರವಾರ ನಮ್ಮ ಮನೆಯಲ್ಲಿ ಅವಳ ಕುಬಸ ಇತ್ತು. ಹಸಿರು ಬಳೆ ತೊಡಿಸಿ, ಹೊಸ ಖಣ ಕೊಟ್ಟು, ಐದು ಜನ ಉಡಿ ತುಂಬುವ ಶಾಸ್ತ್ರ. ಅದಕ್ಕೆಂದು ಮೊದಲೇ ಬಂದಿದ್ದವಳು ಸಂಘದವರ ಮಾತೆಲ್ಲ ಒಳಗಿನಿಂದ ಕೇಳಿಸಿಕೊಂಡಿದ್ದಳು. ಹಳೇ ಆಲ್ಬಮ್ ಹಿಡಿದು ಬಂದಳು. ಅವಳ ಅಮ್ಮನ ಕುಬಸದ ಫೋಟೋಗಳು.

"ಅಜ್ಜಿ, ಹರಿಹರದ ಅಜ್ಜಿ ಒಂದು ಫೋಟೋದಾಗೂ ಇಲ್ಲ. ಬಂದಿರಲಿಲ್ಲೇನು?"

ಬಂದಿದ್ದಳು. ಎರಡು ದಿನ ಮೊದಲೇ ಬಂದು ಹೋಳಿಗೆ ಹೂರಣ ರುಬ್ಬಿದ್ದಳು. ಫೋಟೋದಲ್ಲಿ ಯಾಕಿಲ್ಲ? ಮಕ್ಕಳಿಲ್ಲದವಳ ಕೈಯಿಂದ ಉಡಿ ತುಂಬಿಸಬಾರದು ಎಂದು ಒಲೆಯ ಮುಂದೆ ಕೂರಿಸಿದ್ದರು.

ಯಾರು ಕೂರಿಸಿದ್ದು? ಅತ್ತೆ ಅಂತ ಸುಳ್ಳು ಹೇಳಬಹುದಿತ್ತು. ಪಾಪ, ಅತ್ತೆ ಅಷ್ಟು ಹೊತ್ತಿಗೆ ತೀರಿಕೊಂಡಿದ್ದರು. ಕೂರಿಸಿದ್ದು ನಾನು.

ಚೈತ್ರ ಆಲ್ಬಮ್ ಮುಚ್ಚಿದಳು. "ಶುಕ್ರವಾರ ಮೊದಲ ಉಡಿ ಆ ಅಜ್ಜಿದು. ಇಲ್ಲಾಂದ್ರೆ ನಾನು ಮಣೆ ಮೇಲೆ ಕೂಡ್ರಂಗಿಲ್ಲ" ಅಂದಳು. ಈ ಹುಡುಗಿ ಕೂಡುವುದಿಲ್ಲ ಅಂದರೆ ಕೂಡುವುದಿಲ್ಲ.

ಮರುದಿನ ಆಧಾರ್ ಕಾರ್ಡು ತೋರಿಸಿ ಹರಿಹರದ ಬಸ್ ಹತ್ತಿದೆ. ದಾರಿ ಅರ್ಧ ಗಂಟೆಯದು. ಆದರೆ ಈ ಮಾತಿಗಾಗಿ ಆ ದಾರಿ ಹಿಡಿಯಲು ನನಗೆ ಇಪ್ಪತ್ತೇಳು ವರ್ಷ ಹಿಡಿದಿತ್ತು.

ಕರಿಬಸಮ್ಮ ಮಾಳಿಗೆಯ ಮೇಲೆ ಸಂಡಿಗೆ ಹಾಕಿ ಕಾಗೆ ಓಡಿಸುತ್ತಾ ಕೂತಿದ್ದಳು. ಎಂಬತ್ತು ದಾಟಿದೆ. ಬೆನ್ನು ಬಾಗಿದೆ, ನಾಲಿಗೆ ಬಾಗಿಲ್ಲ.

"ಬಾ ಕೊಟ್ರಿ. ಬಂದ್ಯಲ್ಲ, ಈ ಕೋಲು ಹಿಡಿ. ನನ್ನ ಕೈ ಸೋತಾವು."

(ಕೊಟ್ರಿ ಅಂದರೆ ನಾನೇ.) ಕೋಲು ಹಿಡಿದೆ. ಶುಕ್ರವಾರದ ಮಾತು ಹೇಳಿದೆ. ಚೈತ್ರಳ ಹಟ ಹೇಳಿದೆ. ಬಾಯಿ ತೆರೆದದ್ದೇ ಆಯಿತು ಎಂದು ಹಳೆಯದನ್ನೂ ಹೇಳಿದೆ.

"ಆವತ್ತು ನಿನ್ನ ಒಳಗ ಕೂಡ್ರಿಸಿದ್ದು ನಾನೇ ಅಕ್ಕ. ಮಗಳ ಬಸಿರಿಗೆ ಏನಾರ ಆದ್ರೆ ಅಂತ ಅಂಜಿಕಿ ಇತ್ತು."

"ಬರೇ ಅಂಜಿಕಿ?"

ಈ ಮುದುಕಿಗೆ ಸುಳ್ಳು ಹೇಳಿ ದಕ್ಕಿಸಿಕೊಳ್ಳುವುದು ಕಷ್ಟ. "ಅರ್ಧ ಅಂಜಿಕಿ. ಅರ್ಧ ಹೊಟ್ಟಿಕಿಚ್ಚು. ಸರೋಜ ಗಾಡಿ ಇಳಿದಾಕಿ ನನ್ನ ದಾಟಿ ನಿನ್ನ ಹತ್ರ ಓಡಿ ಬಂದ್ಲಲ್ಲ."

"ಅದು ನಂಗೂ ಗೊತ್ತಿತ್ತು. ಒಳಗ ಕೂಡ್ರಿಸಿದ್ದಕ್ಕೆ ನಂಗೇನೂ ಅನಿಸ್ಲಿಲ್ಲ ಬಿಡು. ಅಂಥಾ ಒಲಿ ಎಷ್ಟು ಕಂಡೀನಿ. ಆದ್ರೆ ನೀ ಬಂದು ಹೇಳಲಿಲ್ಲ. ಸರೋಜನ ಬಾಯಿಂದ ಹೇಳಿಸ್ದಿ. ಬಸುರಿ ಹುಡುಗಿ, ಕಣ್ಣಾಗ ನೀರು ತುಂಬ್ಕೊಂಡು ಬಂದು, ದೊಡ್ಡವ್ವ ನೀ ಒಳಗೇ ಇರಬೇಕಂತೆ ಅಂದ್ಲು. ಆಕಿ ಬಾಯಾಗ ಆ ಮಾತು ಇಟ್ಯಲ್ಲ, ಅದು ಸುಟ್ಟಿತು."

ನನಗೆ ಅದು ಮರೆತೇ ಹೋಗಿತ್ತು. ಮಾಡಿದವರು ಮರೆಯುತ್ತಾರೆ. ಅನುಭವಿಸಿದವರಿಗೆ ಯಾವ ಸೀರೆ ಉಟ್ಟಿದ್ದರು ಅನ್ನುವುದೂ ನೆನಪಿರುತ್ತದೆ.

"ತಪ್ಪಾತು ಅಕ್ಕ."

"ಕಾಗಿ ನೋಡು, ಕಾಗಿ."

ಕಾಗೆ ಓಡಿಸಿದೆ. ಒಂದು ಸಂಡಿಗೆ ಹೋಗಿತ್ತು. ಅವಳು ಉಳಿದ ಸಂಡಿಗೆ ತಿರುವಿ ಹಾಕುತ್ತಾ ಕೇಳಿದಳು: "ಶುಕ್ರವಾರ ನೀ ಎಲ್ಲಿ ಕೂಡ್ರತೀ?"

"ನಾನಾ? ಒಳಗ. ಒಲಿ ನೋಡ್ಕೊಂತೀನಿ."

ನನ್ನ ಗಂಡ ಹೋಗಿ ಆರು ವರ್ಷ. ಗಂಡ ಸತ್ತವಳು ಉಡಿ ತುಂಬುವಂತಿಲ್ಲ. ಹಾಗಂತ ನನಗೆ ಯಾರೂ ಹೇಳಿರಲಿಲ್ಲ. ನಾನೇ ನನ್ನ ಜಾಗ ಒಲೆ ಮುಂದೆ ಗೊತ್ತು ಮಾಡಿಕೊಂಡಿದ್ದೆ. ಇಪ್ಪತ್ತೇಳು ವರ್ಷದ ಹಿಂದೆ ಅವಳಿಗೆ ಹಾಕಿದ ಮಣೆ ನನಗಾಗಿ ಕಾದಿತ್ತು.

ಕರಿಬಸಮ್ಮ ನಕ್ಕಳು. ಹಲ್ಲು ನಾಲ್ಕೇ ಉಳಿದಿವೆ, ನಾಲ್ಕೂ ಕಾಣುವಂತೆ.

"ನಂಗೆ ಗಂಡ ಅದಾನ, ಮಕ್ಕಳಿಲ್ಲ. ನಿಂಗೆ ಮಕ್ಕಳದಾವ, ಗಂಡ ಇಲ್ಲ. ಶಾಸ್ತ್ರದ ಲೆಕ್ಕಕ್ಕೆ ಇಬ್ರೂ ಕೂಡಿದ್ರೆ ಒಂದು ಪೂರ್ತಿ ಹೆಂಗಸು ಆಗತೈತಲ್ಲೇ ಕೊಟ್ರಿ!" ಆಮೇಲೆ ನಗು ನಿಲ್ಲಿಸಿ ಹೇಳಿದಳು. "ಬರ್ತೀನಿ. ಆದ್ರೆ ನೀನೂ ಉಡಿ ಹಾಕಬೇಕು. ನೀ ಒಳಗ ಕುಂತ್ರೆ ನಾನೂ ಒಳಗ. ಇಬ್ರೂ ಕೂಡಿ ಹೋಳಿಗಿ ಸುಡೋಣು."

ನಾನು ಅವಳನ್ನು ಕರೆಯಲು ಹೋಗಿದ್ದೆ. ಅವಳು ನನ್ನನ್ನು ಕರೆದಳು.

ಶುಕ್ರವಾರ ಬಂತು. ಚೈತ್ರಳ ಅತ್ತೆ ಮಲೆಬೆನ್ನೂರಿನಿಂದ ಬಂದಿದ್ದರು. ಸಭ್ಯ ಹೆಂಗಸು, ಮಾತು ಮೆತ್ತಗೆ. ಕರಿಬಸಮ್ಮ ಅಕ್ಕಿಯ ಮೊರ ಹಿಡಿದು ಮುಂದೆ ಬಂದಾಗ, ಹಿಂದೆ ನಾನು ಕೊಬ್ಬರಿ ಬಟ್ಟಲು ಹಿಡಿದು ನಿಂತಾಗ, ಅವರ ಮುಖ ಸ್ವಲ್ಪ ಸಣ್ಣದಾಯಿತು.

"ತಪ್ಪು ತಿಳೀಬ್ಯಾಡ್ರಿ. ಚೊಚ್ಚಲ ಬಸುರಿ ನೋಡ್ರಿ. ನಮ್ಮ ಕಡೆ ಮಕ್ಕಳಾದಾಕಿನೇ ಮೊದಲ ಉಡಿ ಹಾಕೋದು."

ನಾನು ಬಾಯಿ ತೆರೆಯುವುದರೊಳಗೆ ಸರೋಜ ಮಾತಾಡಿದಳು. ನನ್ನ ಮಗಳು ನಾಲ್ಕು ಮಾತಿಗೆ ಒಂದು ಮಾತಾಡುವವಳು. (ನನ್ನ ಕೈಯಲ್ಲಿ ಬೆಳೆದಿಲ್ಲ, ಅದಕ್ಕೇ.)

"ನಮ್ಮ ಕಡೀನೂ ಹಂಗೇರಿ ಬೀಗರ. ಅದಕ್ಕೇ ದೊಡ್ಡವ್ವನ್ನ ಕರದೀವಿ. ಆಕಿ ಮಗಳು ನಾನು ಅದೀನಲ್ರಿ, ನಿಮ್ಮ ಮುಂದೇ ನಿಂತೀನಿ."

ನನ್ನ ಹೊಟ್ಟೆ ಉರಿಯಿತೇ ಅಂತ ಕೇಳುತ್ತೀರಾ? ಸ್ವಲ್ಪ. ಎರಡು ಹೋಳಿಗೆ ತಿಂದ ಮೇಲೆ ಹೋಯಿತು. ಇಪ್ಪತ್ತೇಳು ವರ್ಷದ ಹಿಂದೆ ಆ ಹುಡುಗಿಯ ಬಾಯಿಯಲ್ಲಿ ನಾನಿಟ್ಟ ಮಾತನ್ನು ಅವಳು ಈಗ ಉಗುಳಿ ಬಾಯಿ ತೊಳೆದುಕೊಂಡಳು. ನನಗೆ ಅದಕ್ಕಿಂತ ಹೆಚ್ಚು ಏನು ಬೇಕು?

ಬೀಗಿತ್ತಿ ಕರಿಬಸಮ್ಮನನ್ನು ನೋಡಿದರು, ಸರೋಜಳನ್ನು ನೋಡಿದರು. ಆಮೇಲೆ ಅವರೇ ಅರಿಶಿನ ಕುಂಕುಮದ ತಟ್ಟೆ ಎತ್ತಿ ಕರಿಬಸಮ್ಮನ ಕಡೆ ಹಿಡಿದರು. "ಹಾಕ್ರಿ ಅಮ್ಮ. ಹೊತ್ತಾಗತೈತೆ" ಎಂದರು. ಒಳ್ಳೆಯವರು. ಅವರಿಗೂ ಯಾರೋ ಹೇಳಿಕೊಟ್ಟಿದ್ದು, ನನಗೆ ಹೇಳಿಕೊಟ್ಟ ಹಾಗೆ.

ಅವಳು ಅಕ್ಕಿ ಹಾಕಿದಳು. ನಾನು ಕೊಬ್ಬರಿ ಬಟ್ಟಲು, ಉತ್ತತ್ತಿ ಇಟ್ಟೆ. ಚೈತ್ರ ಉಡಿ ಹಿಡಿದುಕೊಂಡೇ ನಮ್ಮಿಬ್ಬರಿಗೆ ಮಾತ್ರ ಕೇಳುವಂತೆ ಕೇಳಿದಳು: "ಅಜ್ಜಿ, ಕೂಸು ನೋಡಿದಾಗ ನಂಗೂ ಬರೇ ನಿದ್ದಿ ಬಂದ್ರೆ?"

ಅವಳ ಕಣ್ಣು ನೋಡಿದೆ. ಹುಡುಗಿ ತಮಾಷೆ ಮಾಡುತ್ತಿರಲಿಲ್ಲ. ತಿಂಗಳಿಂದ ಅವಳ ಫೋನಿನ ತುಂಬ ತಾಯ್ತನದ ರೀಲ್ಸು. ಎಲ್ಲರೂ ಕೂಸು ನೋಡಿ ಅಳುವವರೇ, ಆನಂದ ಬಾಷ್ಪವೇ. ತನಗೆ ಹಾಗಾಗದಿದ್ದರೆ ತಾನು ಕೆಟ್ಟವಳೇ ಎಂದು ಒಳಗೇ ಹೆದರಿದ್ದಳು. ಐವತ್ತು ವರ್ಷದ ಹಿಂದೆ ನಾನೂ ಹೆದರಿದ್ದೆ. ಯಾರನ್ನೂ ಕೇಳಿರಲಿಲ್ಲ.

ಉತ್ತರ ಕೊಟ್ಟದ್ದು ಕರಿಬಸಮ್ಮ. "ಮಲಗು. ನಾವು ಅದೀವಿ."

ಅಷ್ಟೇ ಮಾತು. ಆವತ್ತು ಗಂಟು ಕಟ್ಟಿ ಬಸ್ ಹತ್ತಿದಾಗ ನನಗೆ ಬಾಯಿಬಿಟ್ಟು ಹೇಳದೆ ಹೇಳಿದ್ದೂ ಅದನ್ನೇ.

ತಾಯಿ ದೇವರು ಅನ್ನುವವರಿಗೆ ನನ್ನದೊಂದೇ ತಕರಾರು. ದೇವರ ಕೋಣೆ ಇಕ್ಕಟ್ಟು. ಹೆತ್ತವಳನ್ನು ಒಳಗೆ ಕೂರಿಸಿ ಬಾಗಿಲು ಹಾಕುತ್ತೀರಿ. ಒಳಗಿನವಳಿಗೆ ಉಸಿರು ಕಟ್ಟುತ್ತದೆ, ಎತ್ತಿ ಆಡಿಸಿದವಳು ಹೊಸ್ತಿಲ ಹೊರಗೆ ಉಳಿಯುತ್ತಾಳೆ. ನಾನು ದೇವರಾಗಿದ್ದರೆ ಸರೋಜ ಹೊಗೆಯಲ್ಲೇ ಕೆಮ್ಮುತ್ತಿದ್ದಳು. ನನಗೆ ದೇವರಾಗಲು ಬರಲಿಲ್ಲ, ಹರಿಹರಕ್ಕೆ ಬಸ್ಸಿತ್ತು, ಬಸ್ಸಿನಲ್ಲಿ ಒಬ್ಬಳು ಕರಿಬಸಮ್ಮ ಬಂದಳು. ಬದುಕಿದೆವು.

ನಿನ್ನೆ ಟಿವಿಯ ಕೆಳಗಿಂದ ಆ ಫಾರಂ ತೆಗೆದೆ. (ನನ್ನದು ನಾಲ್ಕನೇ ಇಯತ್ತೆಯ ಓದು. ಆದರೂ ನನ್ನ ಫಾರಂ ನಾನೇ ತುಂಬುತ್ತೇನೆ.) ತ್ಯಾಗ ಅನ್ನುವ ಕಡೆ "ಇಲ್ಲ" ಅಂತ ಬರೆದೆ. ಮಕ್ಕಳ ಸಂಖ್ಯೆ ಮೂರು. ತಾಯಿಯ ಹೆಸರು ಅನ್ನುವಲ್ಲಿ ಒಂದೇ ಗೆರೆ ಇತ್ತು. ಅದರ ಮೇಲೆ ಕರಿಬಸಮ್ಮ ಎಂದು ಬರೆದು, ಕೆಳಗೆ ಇನ್ನೊಂದು ಗೆರೆ ಎಳೆದು ನನ್ನ ಹೆಸರು ಬರೆದೆ. ಗೆರೆ ಸೊಟ್ಟಗಾಗಿದೆ.

ಸಂಘದವರು ತಗೊಳ್ಳುತ್ತಾರೋ ಬಿಡುತ್ತಾರೋ, ಅದು ಅವರಿಗೆ ಸೇರಿದ್ದು. ನಿಮ್ಮನ್ನು ಬೆಳೆಸಿದವರ ಹೆಸರು ಬರೆಯಲು ಕೂತರೆ, ನಿಮಗೆ ಎಷ್ಟು ಗೆರೆ ಬೇಕಾದೀತು?