ನಾಲ್ಕನೆಯ ಕುಳಿಗೆ ಬಂದ ದೇವರು

ನಾನು ಗಾಲ್ಫ್ ಆಡುತ್ತೇನೆ ಎಂದರೆ ನಮ್ಮ ಆಸ್ಪತ್ರೆಯಲ್ಲಿ ಇವತ್ತಿಗೂ ನಗುತ್ತಾರೆ. ನಗಲಿ. ನರ್ಸ್ ಆದವಳು ಭಾನುವಾರ ಮನೆಯಲ್ಲಿ ಬಟ್ಟೆ ಒಗೆಯಬೇಕು, ಇಲ್ಲವೇ ಟೀವಿ ಮುಂದೆ ಕೂರಬೇಕು ಎಂದು ಯಾರೂ ಬರೆದಿಟ್ಟಿಲ್ಲ. ಅಫಜಲಪುರ ತಾಲೂಕಿನಲ್ಲಿ ಗಾಲ್ಫ್ ಮೈದಾನ ಎಲ್ಲಿದೆ ಎಂದು ಕೇಳುವವರಿಗೆ, ಚೌಡಾಪುರದಿಂದ ಘತ್ತರಗಿ ಕಡೆ ಹೋಗುವ ದಾರಿಗೆ ಹತ್ತಿದ ನಮ್ಮ ಮಡ್ಡಿ ಹೊಲದಲ್ಲಿದೆ ಎನ್ನುತ್ತೇನೆ. ಮಡ್ಡಿ ಎಂದರೆ ಕಲ್ಲು ನೆಲ. ತೊಗರಿ ಬಿತ್ತಿದರೆ ಬೀಜ ವಾಪಸು ಬಂದರೆ ಪುಣ್ಯ. ಸುತ್ತಲಿನ ಕರಿ ಎರೆಭೂಮಿಯೆಲ್ಲ ಬೇರೆಯವರದು. ಅಪ್ಪ ಜೀವಮಾನವೆಲ್ಲ ಅವರ ಹೊಲಗಳಲ್ಲಿ ಕೂಲಿ ಮಾಡಿ, ಕೊನೆಗೆ ಕೊಳ್ಳಲಾದದ್ದು ಇದನ್ನೇ.

ಮೈದಾನ ಮಾಡಿದವನು ನನ್ನ ಅಣ್ಣ. ಮಿಲಿಟರಿಯಲ್ಲಿ ಹವಾಲ್ದಾರನಾಗಿದ್ದ. ಕೊನೆಯ ಕೆಲವು ವರ್ಷ ಕಂಟೋನ್ಮೆಂಟಿನ ಗಾಲ್ಫ್ ಮೈದಾನದ ಉಸ್ತುವಾರಿ ಅವನದಾಗಿತ್ತು. ನಿವೃತ್ತನಾಗಿ ಬರುವಾಗ ಸಾಹೇಬರೊಬ್ಬರು ಕೊಟ್ಟ ಹಳೆಯ ಕೋಲುಗಳ ಚೀಲ ಹೊತ್ತುಕೊಂಡು ಬಂದ. ಎಲ್ಲರ ಅಣ್ಣಂದಿರು ಕ್ಯಾಂಟೀನಿನ ರಮ್ ತರುತ್ತಾರೆ, ನಮ್ಮವನು ಇದನ್ನು ತಂದ. ಮಡ್ಡಿಯ ಜಾಲಿ ಕಡಿದು, ಕಲ್ಲು ಆರಿಸಿ, ಆರು ಕುಳಿ ತೋಡಿ, ಒಂದೊಂದರಲ್ಲೂ ತಗಡಿನ ಡಬ್ಬಿ ಇಳಿಸಿದ. ಕುಳಿಯ ಸುತ್ತ ಹುಲ್ಲು ಬೆಳೆಸಬೇಕು, ಆದರೆ ನೀರೆಲ್ಲಿದೆ? ಮರಳಿಗೆ ಟ್ರ್ಯಾಕ್ಟರ್ ಗ್ಯಾರೇಜಿನ ಸುಟ್ಟ ಆಯಿಲ್ ಕಲಸಿ, ಗುಂಡಗೆ ಹರವಿ, ಹಗ್ಗ ಕಟ್ಟಿದ ಹಲಗೆ ಎಳೆದು ಸಪಾಟು ಮಾಡಿದ. ಇದಕ್ಕೆ ಬ್ರೌನ್ ಎನ್ನುತ್ತಾರೆ. ನೀರಿಲ್ಲದ ಕಂಟೋನ್ಮೆಂಟುಗಳಲ್ಲಿ ಹೀಗೇ ಮಾಡುವುದಂತೆ. ಚೆಂಡು ಅದರ ಮೇಲೆ ಸದ್ದಿಲ್ಲದೆ ಉರುಳುತ್ತದೆ.

ಮೊದಮೊದಲು ಅವನೊಬ್ಬನೇ ಆಡುತ್ತಿದ್ದ. ಒಂದು ಭಾನುವಾರ ಬುತ್ತಿ ಕೊಡಲು ಹೋದವಳ ಕೈಗೆ ಕೋಲು ಕೊಟ್ಟು, ‘ಹೊಡಿ ನೋಡೂಣು’ ಎಂದ. ನಾನು ಹೊಡೆದದ್ದು ನೆಲಕ್ಕೆ. ಮಣ್ಣು ಹಾರಿತು, ಚೆಂಡು ಇದ್ದಲ್ಲೇ ಇತ್ತು. ಅವನು ನಕ್ಕ. ಆ ನಗುವಿನ ಮೇಲಿನ ಸಿಟ್ಟಿಗೆ ನಾನು ಗಾಲ್ಫ್ ಕಲಿತೆ ಎಂದರೆ ಸುಳ್ಳಲ್ಲ.

ಮೊದಲನೆಯ ಕುಳಿ ಸುಲಭದ್ದು, ಇಳಿಜಾರು. ಎರಡನೆಯದಕ್ಕೆ ಹೊಡೆಯುವಾಗ ಬಲಕ್ಕೆ ಜಾರಿದರೆ ಚೆಂಡು ಬಾಜು ಹೊಲದ ಗೌಡರ ತೊಗರಿಯೊಳಗೆ ಹೋಗುತ್ತದೆ, ಹೋದದ್ದನ್ನು ತೊಗರಿ ಕೊಯ್ದು ರಾಶಿಯಾಗುವವರೆಗೆ ಮರೆಯಬೇಕು. ಮೂರನೆಯದು ಒಣ ಹಳ್ಳದ ಆಚೆ. ನಾಲ್ಕನೆಯದು ದಾರಿಯ ಪಕ್ಕದ ದಿಬ್ಬದ ಮೇಲೆ. ಐದು, ಆರು ಮತ್ತೆ ಆಟ ಶುರುವಾಗುವ ಬೇವಿನ ಗಿಡದ ಕಡೆ ತಿರುಗುತ್ತವೆ. ಕಲ್ಲಿನ ಸಂದಿಗೆ ಸಿಕ್ಕ ಚೆಂಡನ್ನು ಮಾತ್ರ ಎತ್ತಿ ಇಡಬಹುದು, ಬೇರೆಲ್ಲೂ ಕೈಯಿಂದ ಮುಟ್ಟುವಂತಿಲ್ಲ. ವಾರವಿಡೀ ‘ಸಿಸ್ಟರ್, ಸಿಸ್ಟರ್’ ಎಂದು ಕರೆಸಿಕೊಳ್ಳುವ ನನಗೆ ಅಲ್ಲಿ ಯಾರೂ ಕರೆಯುವುದಿಲ್ಲ ಎನ್ನುವುದೇ ದೊಡ್ಡ ಸುಖ. ನಾಲ್ಕನೆಯ ಕುಳಿ ನನಗೆ ಎಲ್ಲಕ್ಕಿಂತ ಇಷ್ಟ. ಅಲ್ಲಿ ನಿಂತರೆ ಭೀಮಾ ನದಿಯ ಕಡೆಯ ಗಾಳಿ ಬರುತ್ತದೆ.

ಕುಳಿ ದೂರದಿಂದ ಕಾಣಲು ಬಾವುಟ ಬೇಕು. ಯಾವ ಬಣ್ಣದ್ದು? ನಮ್ಮ ಕಡೆ ಇದು ಸಣ್ಣ ಪ್ರಶ್ನೆಯಲ್ಲ. ಹಸಿರು ಹಚ್ಚಿದರೆ ದರ್ಗಾ, ಕೇಸರಿ ಹಚ್ಚಿದರೆ ಮಠ, ನಾವು ಬೌದ್ಧರಾದ್ದರಿಂದ ನೀಲಿ ಹಚ್ಚಿದರೆ ‘ಶುರುವಾಯ್ತು ನೋಡ್ರಿ ಇವರದು’ ಎನ್ನುವವರು ಇದ್ದೇ ಇದ್ದಾರೆ. ಅಣ್ಣ ಬಹಳ ಯೋಚಿಸಿ ಕೆಂಪು ಬಟ್ಟೆ ತಂದ. ಕೆಂಪು ಎಂದರೆ ದೇವಿಯ ಬಣ್ಣ ಎನ್ನುವುದು ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಅಪ್ಪನ ಕಾಲದಲ್ಲೇ ಪೂಜೆಯ ಜಗುಲಿಯಿಂದ ದೇವರುಗಳನ್ನು ಕೆಳಗಿಳಿಸಿದ ಮನೆ ನಮ್ಮದು.

ನಮ್ಮ ದಾರಿಯಲ್ಲಿ ಅಮಾವಾಸ್ಯೆಗೆ ಜನ ಘತ್ತರಗಿಯ ಭಾಗ್ಯವಂತಿ ದೇವಿಯ ಗುಡಿಗೆ ನಡೆದು ಹೋಗುತ್ತಾರೆ. ದಿಬ್ಬದ ಮೇಲೆ ಕೆಂಪು ಬಾವುಟ, ಅದರ ಕೆಳಗೆ ಎಣ್ಣೆ ಕುಡಿದು ಕರ್ರಗಾದ ಗುಂಡನೆಯ ಜಾಗ, ನಡುವೆ ಒಂದು ಕುಳಿ. ಇನ್ನೇನು ಬೇಕು? ಮೊದಲ ಅಮಾವಾಸ್ಯೆಗೆ ಕುಂಕುಮ ಬಿತ್ತು. ಎರಡನೆಯದಕ್ಕೆ ಕಾಯಿ ಒಡೆದರು. ಮೂರನೆಯದಕ್ಕೆ ನಾವೇ ಅಲ್ಲಿದ್ದೆವು. ನಿಂಬರ್ಗಾ ಕಡೆಯಿಂದ ನಡೆದು ಬಂದಿದ್ದ ಮುದುಕಿಯೊಬ್ಬಳು ಸೀಸೆಯಿಂದ ಎಣ್ಣೆ ಸುರಿದು, ಕೈ ಮುಗಿದು, ‘ಇಕಿ ಯಾವ ತಾಯಿಯಪ್ಪಾ?’ ಎಂದು ಅಣ್ಣನನ್ನು ಕೇಳಿದಳು.

‘ದೇವ್ರಲ್ಲ ಯವ್ವಾ. ಆಟದ ತಗ್ಗು ಅದ.’

‘ಹಂಗನಬ್ಯಾಡೋ ಯಪ್ಪಾ. ಆಟ ಆಡ್ಸಾಕಿ ಆಕೀನ.’

ಆಕೆ ಹೋದಮೇಲೆ ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಾನು ಡಬ್ಬಿಯೊಳಗಿನ ಹೂವು ತೆಗೆದೆ, ಅಣ್ಣ ಹಲಗೆ ಎಳೆದ, ಆಟ ಮುಂದುವರಿಸಿದೆವು. ಅಲ್ಲಿಯವರೆಗೆ ಅದು ನಗುವ ಸಂಗತಿಯೇ ಆಗಿತ್ತು.

ನಗು ನಿಂತದ್ದು ಬಾಜು ಹೊಲದ ಗೌಡರು ಮನೆಗೆ ಬಂದ ದಿನ. ಮನೆಗೆ ಎಂದರೆ ಮನೆಯ ಮುಂದಕ್ಕೆ. ಒಳಗೆ ಬನ್ನಿ ಎಂದರೆ ‘ಇರ್ಲಿ, ಇಲ್ಲೇ ಗಾಳಿ ಚಲೋ ಅದ’ ಎಂದರು. ಚಹ ಕೇಳಿದರೆ ಈಗಷ್ಟೇ ಕುಡಿದೆ ಎಂದರು. ಕೆಟ್ಟ ಮನುಷ್ಯರೆಂದು ಹೇಳಲಾರೆ, ಮಾತಿನಲ್ಲಿ ಬೆಣ್ಣೆ.

‘ಹವಾಲ್ದಾರ್ರ, ನಿಮ್ಮ ದಿಬ್ಬದ ಮ್ಯಾಲ ತಾಯಿ ಬಂದಾಳ. ಮಂದಿ ನಡಕೊಳ್ಳಾಕತ್ತಾರ. ನಾ ಒಂದು ಕಟ್ಟಿ ಕಟ್ಟಿಸ್ತೇನಿ. ಜಾಗ ನಿಮ್ದ, ಇಲ್ಲನ್ನಂಗಿಲ್ಲ. ದೇವ್ರು ಎಲ್ಲಾರ್ದು.’

‘ಅಲ್ಲಿ ನಾವು ಆಡ್ತೇವ್ರಿ,’ ಎಂದೆ ನಾನು.

‘ಆಡ್ರಿ, ಬ್ಯಾಡ ಅಂದವರ್ಯಾರು? ಆ ಕುಳಿ ಒಂದು ಬಿಡ್ರಿ. ಪೂಜಾ ನಡೆದಾಗ ಮಾತ್ರ ನೀವು ಸ್ವಲ್ಪ ಬದುವಿನ ಕಡಿ ಇದ್ರ ಚಲೋ. ಯಾಕ ಅಂತ ನಾ ಬಾಯಿ ಬಿಟ್ಟು ಹೇಳಬೇಕೇನ್ರಿ ಸಿಸ್ಟರ್?’

ಹೇಳಬೇಕಾಗಿರಲಿಲ್ಲ. ನಾಯಿ ಕಚ್ಚಿದಾಗ ಇದೇ ಗೌಡರು ನನ್ನ ಕೈಯಿಂದಲೇ ಇಂಜೆಕ್ಷನ್ ಹಾಕಿಸಿಕೊಂಡು, ‘ನಿಮ್ಮ ಕೈಗುಣ ಚಲೋ ಅದ’ ಎಂದಿದ್ದರು. ಕೈಗುಣ ಆಸ್ಪತ್ರೆಯಲ್ಲಿ ಮಾತ್ರ ಚೆನ್ನಾಗಿರುತ್ತದೆಂದು ಕಾಣುತ್ತದೆ. ಅವರು ಹೋದಮೇಲೆ ನನಗೆ ಮೈಯೆಲ್ಲ ಉರಿಯಿತು. ಅಪ್ಪ ಗುಡಿಗಳ ಹೊರಗೆ ನಿಂತು ನಿಂತು, ಕೊನೆಗೆ ಗುಡಿಯೇ ಬೇಡವೆಂದು ಬಂದವನು. ಈಗ ಅವನ ಹೊಲಕ್ಕೆ, ಅವನ ಮಗ ತೋಡಿದ ತಗ್ಗಿಗೆ ಗುಡಿ ನಡೆದು ಬಂದು, ನೀವು ಹೊರಗೆ ನಿಲ್ಲಿ ಎನ್ನುತ್ತಿದೆ.

ಅಣ್ಣನಿಗೆ ಜಗಳ ಬೇಡವಾಗಿತ್ತು. ‘ಒಂದು ಕುಳಿ ಹೋದ್ರ ಹೋಗ್ಲಿ ಬಿಡಬೇ. ಬೇವಿನ ಗಿಡದ ಹತ್ರ ಇನ್ನೊಂದು ತೋಡ್ತೇನಿ. ತಾಳಿದವನು ಬಾಳಿಯಾನು.’

‘ಅಪ್ಪ ತಾಳ್ಯಾನಲ್ಲ, ಸಾಕಲ್ಲ ಅದು? ಇವತ್ತು ಕುಳಿ ಸರಿಸಿದ್ರ ನಾಳಿ ಬದು ಸರಿಸ್ತಾರ. ಆ ಕುಳಿ ನಾ ಬಿಡಂಗಿಲ್ಲ.’

ಗಡಿಯಲ್ಲಿ ಕಾವಲು ನಿಂತು ಬಂದವನು ಊರಿನಲ್ಲಿ ಇಷ್ಟು ಮೆತ್ತಗೇಕೆ ಎಂದು ನನಗೆ ಅವನ ಮೇಲೂ ಸಿಟ್ಟು ಬಂತು. ಆ ವಾರವೆಲ್ಲ ಅನ್ನ ಬಡಿಸುವಾಗಲೂ ನಾನು ಅವನೊಂದಿಗೆ ನೆಟ್ಟಗೆ ಮಾತಾಡಲಿಲ್ಲ.

ಮುಂದಿನ ಅಮಾವಾಸ್ಯೆ ಭಾನುವಾರವೇ ಬಂತು. ನಾವು ಬೆಳಿಗ್ಗೆ ಆಟ ಶುರು ಮಾಡಿದಾಗ ದಿಬ್ಬದ ಮೇಲೆ ಆಗಲೇ ಜನ ಇದ್ದರು. ಬ್ರೌನಿನ ಹೊರಗೆ ನಾಲ್ಕೂ ಮೂಲೆಗೆ ಕಟ್ಟೆಯ ಗುರುತಿಗೆ ಸುಣ್ಣ ಬಳಿದ ಕಲ್ಲು ಬಿದ್ದಿದ್ದವು, ಪಕ್ಕದಲ್ಲಿ ಇಟ್ಟಿಗೆಯ ರಾಶಿ. ಮೂರನೆಯ ಕುಳಿ ಮುಗಿದಾಗ ಅಣ್ಣ, ‘ನಾಲ್ಕು ಬಿಟ್ಟು ಐದಕ್ಕ ಹೋಗೂಣು’ ಎಂದ. ನಾನು ಚೆಂಡು ಇಟ್ಟೆ. ಅಂಥ ಹೊಡೆತ ನನ್ನಿಂದ ಹಿಂದೆಂದೂ ಬಿದ್ದಿರಲಿಲ್ಲ. ಚೆಂಡು ಹಳ್ಳ ದಾಟಿ, ದಿಬ್ಬದ ಪಕ್ಕ ನೆಲಕ್ಕೆ ಬಿದ್ದು ಪುಟಿದು, ಬ್ರೌನಿನ ಅಂಚಿಗೆ ಹೋಗಿ ನಿಂತಿತು.

ನಾವು ಹತ್ತಿರ ಹೋಗುವಷ್ಟರಲ್ಲಿ ಗೌಡರು ಒಂದು ಕೈ ಮುಂದೆ ಮಾಡಿದರು. ‘ಅಲ್ಲೇ ನಿಲ್ರಿ ಸಿಸ್ಟರ್. ಚಂಡು ನಾವ ಎತ್ತಿ ಕೊಡ್ತೇವಿ.’

‘ಆಡೋ ಚಂಡು ಯಾರೂ ಕೈಲೆ ಮುಟ್ಟಂಗಿಲ್ರಿ ಗೌಡ್ರ,’ ಎಂದೆ. ಚಪ್ಪಲಿ ಬಿಡದೆ ಬ್ರೌನಿನ ಮೇಲೆ ಕಾಲಿಟ್ಟೆ.

ಜನ ಗುಸುಗುಟ್ಟಿದರು. ನಿಂಬರ್ಗಾ ಕಡೆಯ ಆ ಮುದುಕಿಯೂ ಅಲ್ಲಿದ್ದಳು. ‘ಏನ್ ಮಾಡಾಕತ್ತೀಬೇ?’ ಎಂದಳು.

‘ಆಡಾಕತ್ತೇನಿ ಯವ್ವಾ. ಈ ತಗ್ಗು ನಮ್ಮಣ್ಣ ತೋಡ್ಯಾನ. ಈ ಹೊಲ ನಮ್ಮಪ್ಪಂದು.’ ಬಾವುಟ ಕಿತ್ತು ಪಕ್ಕಕ್ಕಿಟ್ಟೆ. ಡಬ್ಬಿಗೆ ಕೈ ಹಾಕಿ ಹೂವು, ಕಾಯಿ ಚೂರು ಎಲ್ಲ ಬಳಿದು ತೆಗೆದು ಆಕೆಯ ಮುಂದೆ ಹಿಡಿದೆ. ಆಕೆ ಒಂದು ಕ್ಷಣ ನನ್ನ ಮುಖ ನೋಡಿ, ಸೆರಗು ಒಡ್ಡಿದಳು. ಒಂದು ಚೂರನ್ನು ಅಲ್ಲೇ ಬಾಯಿಗೂ ಹಾಕಿಕೊಂಡಳು. ಹಾಕಿಕೊಂಡು, ಸರಿದು ನಿಂತಳು. ಆಕೆಯ ಹಿಂದೆ ಉಳಿದವರೂ ಒಬ್ಬೊಬ್ಬರೇ ಸರಿದರು.

ಗೌಡರು ಸರಿಯಲಿಲ್ಲ. ನನ್ನ ಚೆಂಡಿಗೂ ಕುಳಿಗೂ ನಡುವೆ ನೆಟ್ಟಗೆ ನಿಂತಿದ್ದರು. ನಾನು ಕೋಲು ಹಿಡಿದು ಚೆಂಡಿನ ಪಕ್ಕ ನಿಂತೆ.

ಅಷ್ಟರಲ್ಲಿ ಹಿಂದೆ ಮರಳು ಕೆರೆಯುವ ಸದ್ದಾಯಿತು. ಅಣ್ಣ ಹಲಗೆ ಎಳೆಯುತ್ತಿದ್ದ. ಜನರ ಹೆಜ್ಜೆ ಗುರುತುಗಳನ್ನು, ಕುಂಕುಮವನ್ನು, ಎಣ್ಣೆಯ ಕಲೆಯನ್ನು ಸಪಾಟು ಮಾಡುತ್ತ ನಿಧಾನವಾಗಿ ಬಂದು, ಗೌಡರ ಕಾಲಿನ ಹತ್ತಿರ ನಿಂತ. ಪರೇಡಿನ ದನಿ ಅವನಲ್ಲಿ ಇನ್ನೂ ಇದೆಯೆಂದು ನನಗೆ ಗೊತ್ತಿರಲಿಲ್ಲ.

‘ಹಿಂದಕ್ಕ ಸರೀರಿ ಗೌಡ್ರ. ನನ್ನ ತಂಗಿ ಆಡಾಕತ್ಯಾಳ. ಆಕಿ ಆಡಿ ಮುಗ್ಸೂ ಮಟ ಯಾರೂ ಮಿಸುಕಬಾರ್ದು.’

ಗೌಡರು ಅವನನ್ನು ನೋಡಿದರು, ಸುತ್ತ ನಿಂತವರನ್ನು ನೋಡಿದರು. ಆಮೇಲೆ ಹಿಂದಕ್ಕೆ ಸರಿದರು. ಒಂದು ಹೆಜ್ಜೆಯಲ್ಲ, ಬ್ರೌನ್ ದಾಟಿ ತಾವೇ ಇಡಿಸಿದ್ದ ಸುಣ್ಣದ ಕಲ್ಲಿನ ಆಚೆಗೆ ಹೋಗಿ ನಿಂತರು. ಅಣ್ಣ ಅವರ ಕಾಲಿನ ಗುರುತಿನ ಮೇಲೂ ಹಲಗೆ ಎಳೆದ.

ನಾನು ಅವಸರ ಮಾಡಲಿಲ್ಲ. ಬಗ್ಗಿ ನೋಡಿದೆ, ಎದ್ದು ನೋಡಿದೆ, ಮತ್ತೆ ಬಗ್ಗಿದೆ. ಮೊದಲ ಹೊಡೆತಕ್ಕೆ ಚೆಂಡು ಕುಳಿಯಿಂದ ಗೇಣು ದೂರ ನಿಂತಿತು. ಎರಡನೆಯದಕ್ಕೆ ಡಬ್ಬಿಯೊಳಗೆ ಬಿತ್ತು. ಅಲ್ಲಿಯವರೆಗೂ ಗೌಡರು ನಿಂತಲ್ಲೇ ನಿಂತಿದ್ದರು.